ಟಿಕೆಟ್ ಯಾರೇ ಮಾರಿರಲಿ, ವಿಮಾನ ನಿಮ್ಮದೇ ಅಲ್ವಾ?

ಐಯಾಟಾ, ಅಂದರೆ ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಮುಖ್ಯಸ್ಥರಿಗೆ, ವಿಮಾನ ಕಂಪನಿಗಳಲ್ಲಿ ಟಿಕೆಟ್ ಮಾರಾಟ ನೋಡಿಕೊಳ್ಳುವವರಿಗೆ, ಆಯಾ ದೇಶದ ವಿಮಾನಯಾನ ನಿಯಂತ್ರಕರಿಗೆ,

ನಮಸ್ಕಾರ.

ಟಿಕೆಟ್ ಬುಕಿಂಗ್ ಕೌಂಟರಿನ ಹಿಂದೆ ಕೂತು 20 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದವಳು ನಾನು. ಕಾಗದದ ಟಿಕೆಟ್ ಕೊಡುತ್ತಿದ್ದ ಕಾಲದಲ್ಲಿ ಈ ಕೆಲಸಕ್ಕೆ ಸೇರಿದೆ. ಆ ಟಿಕೆಟ್‌ಗಳ ಹಿಂಬದಿಗೆ ಕೆಂಪು ಕಾರ್ಬನ್ ಇರುತ್ತಿತ್ತು. ಸಂಜೆ ಮನೆಗೆ ಹೊರಡುವಾಗ ಬೆರಳ ತುದಿಗಳು ಕೆಂಪಾಗಿರುತ್ತಿದ್ದವು. ಇವತ್ತು ಅದೇ ಕೆಲಸ ಪೂರ್ತಿ ಪರದೆಯ ಮೇಲೆ ನಡೆಯುತ್ತದೆ. ಅದರ ಬಗ್ಗೆ ನನಗೆ ಯಾವ ಬೇಸರವೂ ಇಲ್ಲ. ನನ್ನ ಬೇಸರ ಬೇರೆಯದು. ಅದನ್ನು ಹೇಳಬೇಕಾದರೆ ಮೊದಲು ಒಬ್ಬ ಹುಡುಗನ ವಿಷಯ ಹೇಳಬೇಕು.

ಅವನಿಗೆ ಬೇರೆ ದೇಶದಲ್ಲಿ ಮೊದಲ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಗ್ಗೆ ಹಾಜರಾಗಬೇಕಿತ್ತು. ಎರಡು ವಿಮಾನದ ಪ್ರಯಾಣ, ಮಧ್ಯೆ ಒಂದು ಕಡೆ ಇಳಿದು ಹತ್ತಬೇಕು. ನಾವು ದಿನವೂ ಬಳಸುವ ಹಳೆಯ ಪರದೆಯಲ್ಲಿ ನೋಡಿದೆ, ದರ ಜಾಸ್ತಿ ಇತ್ತು. ಅದೇ ವಿಮಾನ, ಅದೇ ದಿನ, ಒಂದು ಹೊಸ ಪೋರ್ಟಲಿನಲ್ಲಿ ಕಡಿಮೆಗೆ ಸಿಗುತ್ತಿತ್ತು. ಆ ಪೋರ್ಟಲ್ ವಿಮಾನ ಕಂಪನಿಯ ಹೊಸ ಕೊಂಡಿಯ ಮೂಲಕ, ಅಂದರೆ ಕಂಪನಿಯ ಕಂಪ್ಯೂಟರಿಗೇ ಜೋಡಿಸಿಕೊಂಡು, ಟಿಕೆಟ್ ಕೊಡುತ್ತಿತ್ತು. ಹುಡುಗನ ಕೈಯಲ್ಲಿ ದುಡ್ಡು ಕಡಿಮೆ. ಅಲ್ಲಿಂದಲೇ ಮಾಡಿಕೊಟ್ಟೆ. ಖುಷಿಯಾಗಿ ಹೋದ.

ಹೊರಡುವುದಕ್ಕೆ ನಾಲ್ಕು ದಿನ ಇರುವಾಗ ಮೊದಲ ವಿಮಾನದ ಸಮಯ ಮೂರು ಗಂಟೆ ಮುಂದಕ್ಕೆ ಹೋಯಿತು. ಅದು ಇಳಿಯುವ ಹೊತ್ತಿಗೆ ಎರಡನೆಯದು ಹೊರಟು ಹೋಗಿರುತ್ತದೆ. ಹಳೆಯ ಪರದೆಯಲ್ಲಿ ಮಾಡಿದ ಟಿಕೆಟ್ ಆಗಿದ್ದರೆ ಈ ಸುದ್ದಿ ನಮ್ಮ ಕ್ಯೂಗೆ, ಅಂದರೆ ಪರದೆಯಲ್ಲಿ ಇಂಥ ಸುದ್ದಿಗಳು ಬಂದು ಸೇರುವ ಪಟ್ಟಿಗೆ, ಬಂದು ಬೀಳುತ್ತಿತ್ತು. ಬೆಳಗ್ಗೆ ಬಂದ ತಕ್ಷಣ ಕ್ಯೂ ತೆರೆದು ನೋಡುವುದು ನಮ್ಮ ಕಸುಬಿನ ಮೊದಲ ಕೆಲಸ. ಈ ಸಲ ಕ್ಯೂನಲ್ಲಿ ಏನೂ ಇರಲಿಲ್ಲ. ಸುದ್ದಿ ಬಂದದ್ದು ಪೋರ್ಟಲಿಗೆ ಕೊಟ್ಟಿದ್ದ ಇಮೇಲ್ ವಿಳಾಸಕ್ಕೆ, ಹತ್ತಾರು ಜಾಹೀರಾತುಗಳ ಮಧ್ಯೆ. ನಾನು ಅದನ್ನು ನೋಡಿದ್ದು ಎರಡು ದಿನ ತಡವಾಗಿ. ಆ ತಪ್ಪು ನನ್ನದೂ ಹೌದು, ಒಪ್ಪಿಕೊಳ್ಳುತ್ತೇನೆ.

ವಿಮಾನ ಕಂಪನಿಗೆ ಫೋನ್ ಮಾಡಿದೆ. 'ಇದು ಏಜೆಂಟ್ ಕಡೆಯಿಂದ ಬಂದ ಆರ್ಡರ್, ನಾವು ಮುಟ್ಟೋಕೆ ಆಗಲ್ಲ' ಅಂದರು. ಏಜೆಂಟ್ ನಾನೇ ಅಂದೆ. 'ನಮ್ಮ ಲೆಕ್ಕದಲ್ಲಿ ನೀವಲ್ಲ, ಪೋರ್ಟಲಿನವರು' ಅಂದರು. ಪೋರ್ಟಲಿನವರನ್ನು ಕೇಳಿದರೆ, 'ಕೋರಿಕೆ ಕಳಿಸಿದ್ದೇವೆ, ಏರ್‌ಲೈನ್ ಉತ್ತರ ಕೊಡಬೇಕು' ಅಂತ ಉತ್ತರ. ಮರುದಿನವೂ ಅದೇ ಉತ್ತರ. ನಾನು ಸುಮ್ನೆ ಅವನ ಬುಕಿಂಗಿನ ಆರು ಅಕ್ಷರದ ಕೋಡನ್ನು ನನ್ನ ಹಳೆಯ ಪರದೆಯಲ್ಲಿ ಹೊಡೆದು ನೋಡಿದೆ. ಅಂಥ ದಾಖಲೆ ಇಲ್ಲ ಅಂತ ಬಂತು. ಬರುವುದಿಲ್ಲ ಅಂತ ಗೊತ್ತಿತ್ತು. ಆದರೂ ಕೈ ತಡೆಯಲಿಲ್ಲ.

ಹುಡುಗ ಎದುರಿಗೇ ಕೂತಿದ್ದ. 'ಮೇಡಂ, ಹಾಗಾದ್ರೆ ನನ್ನ ಟಿಕೆಟ್ ಈಗ ಯಾರ ಹತ್ರ ಇದೆ?' ಅಂದ.

ಇಷ್ಟು ವರ್ಷದಲ್ಲಿ ಯಾರೂ ಕೇಳಿರದ ಪ್ರಶ್ನೆ ಅದು. ನನಗೆ ಉತ್ತರ ಗೊತ್ತಿರಲಿಲ್ಲ. ಅವನು ಮನೆಯವರಿಂದ ಸಾಲ ತೆಗೆದು ಬೇರೆ ಟಿಕೆಟ್ ಕೊಂಡು ಹೋದ. ಮೊದಲ ಟಿಕೆಟಿನ ದುಡ್ಡು ವಾಪಸ್ ಬರೋಕೆ ವಾರಗಟ್ಟಲೆ ಹಿಡಿಯಿತು. ಈ ಪತ್ರ ಬರೆಯುತ್ತಿರುವುದು ಅವನ ಆ ಪ್ರಶ್ನೆಗಾಗಿ.

ಹಳೆಯದೆಲ್ಲ ಚಿನ್ನ ಅನ್ನುವವಳಲ್ಲ ನಾನು. 1950ರ ದಶಕದ ಶುರುವಿನಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಬುಕಿಂಗ್ ಕಚೇರಿಯಲ್ಲಿ ಕೆಲಸದವರು ಒಂದು ತಿರುಗುವ ಮೇಜಿನ ಸುತ್ತ ಕೂತಿರುತ್ತಿದ್ದರು. ಮೇಜಿನ ಮೇಲೆ ಪ್ರತಿ ವಿಮಾನಕ್ಕೆ ಒಂದೊಂದು ಕಾರ್ಡು. ಸೀಟು ಇದೆಯಾ ಅಂತ ಮೇಜು ತಿರುಗಿಸಿ ನೋಡಬೇಕು, ಕಾರ್ಡಿನ ಮೇಲೆ ಗುರುತು ಹಾಕಬೇಕು. ಒಂದು ಬುಕಿಂಗ್ ಮುಗಿಯೋಕೆ ಸರಾಸರಿ 90 ನಿಮಿಷ ಹಿಡಿಯುತ್ತಿತ್ತಂತೆ. 1953ರಲ್ಲಿ ಲಾಸ್ ಏಂಜಲೀಸ್‌ನಿಂದ ನ್ಯೂಯಾರ್ಕ್‌ಗೆ ಹೋಗುವ ವಿಮಾನದಲ್ಲಿ ಆ ಕಂಪನಿಯ ಅಧ್ಯಕ್ಷ ಸಿ. ಆರ್. ಸ್ಮಿತ್ ಪಕ್ಕದ ಸೀಟಿನಲ್ಲಿ ಐಬಿಎಂನ ಬ್ಲೇರ್ ಸ್ಮಿತ್ ಕೂತಿದ್ದರು. ಇಬ್ಬರ ಅಡ್ಡಹೆಸರೂ ಒಂದೇ ಅಂತ ಮಾತು ಶುರುವಾಯಿತು. ಆ ಮಾತಿನಿಂದ ಹುಟ್ಟಿದ್ದು ಸೇಬರ್ ಎಂಬ ಕಂಪ್ಯೂಟರ್ ಬುಕಿಂಗ್ ವ್ಯವಸ್ಥೆ. 1960ರಲ್ಲಿ ಎರಡು ಐಬಿಎಂ 7090 ಕಂಪ್ಯೂಟರುಗಳ ಮೇಲೆ ಅದು ಓಡೋಕೆ ಶುರುವಾಯಿತು. 1964ರ ಹೊತ್ತಿಗೆ ಕಂಪನಿಯ ಬುಕಿಂಗ್ ಎಲ್ಲ ಅದರ ಮೇಲೆ. 1976ರಲ್ಲಿ ಅದರ ಪರದೆ ನಮ್ಮಂಥ ಏಜೆಂಟರ ಮೇಜಿಗೂ ಬಂತು. ಯುನೈಟೆಡ್ ಕಂಪನಿಯ ಅಪೊಲೊ ಕೂಡ ಅದೇ ವರ್ಷ ಏಜೆಂಟರಿಗೆ ಸಿಕ್ಕಿತು. 1987ರಲ್ಲಿ ಯುರೋಪಿನ ಕಂಪನಿಗಳು ಸೇರಿ ಅಮೆಡಿಯಸ್ ಮತ್ತು ಗೆಲಿಲಿಯೊ ಕಟ್ಟಿದವು.

ಇವಕ್ಕೆಲ್ಲ ಒಟ್ಟಾರೆ ಹೆಸರು ಜಿಡಿಎಸ್. ನಾನು ಹಳೆಯ ಪರದೆ ಅಂದದ್ದು ಇದನ್ನೇ. ನೋಡೋಕೆ ಚೆಂದ ಇರಲಿಲ್ಲ. ಕಪ್ಪು ಪರದೆ, ಹಸಿರು ಅಕ್ಷರ. ಎ ಎನ್ ಅಂತ ಹೊಡೆದು, ತಾರೀಖು ಹೊಡೆದು, ಹೊರಡುವ ಊರಿನ ಮೂರಕ್ಷರ, ತಲುಪುವ ಊರಿನ ಮೂರಕ್ಷರ. ಎಂಟರ್ ಒತ್ತಿದರೆ ಆ ದಿನದ ವಿಮಾನಗಳು ಸಾಲಾಗಿ ನಿಲ್ಲುತ್ತಿದ್ದವು. ಪ್ರತಿ ವಿಮಾನದ ಪಕ್ಕ ಇಂಗ್ಲಿಷ್ ಅಕ್ಷರಗಳು, ಅಕ್ಷರದ ಪಕ್ಕ ಒಂದು ಅಂಕಿ. ಅಕ್ಷರ ಅಂದರೆ ದರದ ಕ್ಲಾಸು, ಅಂಕಿ ಅಂದರೆ ಸೀಟು. 9 ಇದ್ದರೆ ಒಂಬತ್ತು ಅಥವಾ ಅದಕ್ಕಿಂತ ಜಾಸ್ತಿ ಇದೆ ಅಂತ. ಕಲಿಯೋಕೆ ತಿಂಗಳುಗಟ್ಟಲೆ ಬೇಕಿತ್ತು. ಕಲಿತ ಮೇಲೆ ಬೆರಳುಗಳು ತಾವೇ ಓಡುತ್ತಿದ್ದವು.

ಆ ಪರದೆಯ ಹಿಂದೆ ಇದ್ದ ದೊಡ್ಡ ವಿಚಾರ ಅಂದರೆ ಪಿಎನ್‌ಆರ್. ಅದು ಒಂದು ಬುಕಿಂಗಿನ ದಾಖಲೆ, ಅದಕ್ಕೆ ಆರು ಅಕ್ಷರದ ಒಂದು ಗುರುತು. ಅದರೊಳಗೆ ಐದು ವಿವರ ಇರಲೇಬೇಕು: ಪ್ರಯಾಣಿಕರ ಹೆಸರು, ಪ್ರಯಾಣದ ವಿವರ, ಫೋನ್ ನಂಬರ್, ಟಿಕೆಟ್ ಯಾವಾಗ ಆಗಬೇಕು ಅನ್ನುವುದು, ಬುಕಿಂಗ್ ಮಾಡಲು ಹೇಳಿದವರು ಯಾರು ಅನ್ನುವುದು. ಈ ಐದೂ ತುಂಬದೆ ಪಿಎನ್‌ಆರ್ ಉಳಿಸೋಕೆ ಬರುವುದೇ ಇಲ್ಲ. ಕೊನೆಯ ವಿವರವನ್ನು ಗಮನಿಸಿ. ಯಾರ ಮಾತಿನ ಮೇಲೆ ಈ ಕೆಲಸ ಆಯಿತು ಅಂತ ಆ ಹಳೆಯ ಯಂತ್ರ ಪ್ರತಿ ಸಲ ಕೇಳುತ್ತಿತ್ತು. ಸಣ್ಣ ಬದಲಾವಣೆ ಮಾಡಿದರೂ ಕೇಳುತ್ತಿತ್ತು. ಹೊಣೆ ಯಾರದು ಅಂತ ದಾಖಲೆಯೊಳಗೇ ಬರೆದಿರುತ್ತಿತ್ತು. 60 ವರ್ಷದ ಹಿಂದೆ ಕೂತು ಇದನ್ನು ಯೋಚಿಸಿದವರ ಬಗ್ಗೆ ನನಗೆ ನಿಜವಾಗಿಯೂ ಗೌರವ ಇದೆ.

ಹಾಗಂತ ಆ ಪರದೆಗಳು ಪ್ರಾಮಾಣಿಕವಾಗಿ ಹುಟ್ಟಿದವೂ ಅಲ್ಲ. ಪರದೆ ಯಾರದೋ ಅವರ ವಿಮಾನ ಮೇಲೆ ಬರುತ್ತಿತ್ತು. ಏಜೆಂಟರು ಹೆಚ್ಚಾಗಿ ಮೊದಲ ಪುಟದಲ್ಲಿ ಇದ್ದದ್ದನ್ನೇ ಮಾರುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ಸ್ವಂತ ವಿಮಾನಕ್ಕೆ ಮೇಲಿನ ಸಾಲು, ಪೈಪೋಟಿಯವರಿಗೆ ಕೆಳಗಿನ ಪುಟ. ಇದನ್ನು ತಡೆಯೋಕೆ ಅಮೆರಿಕದಲ್ಲಿ 1984ರಲ್ಲಿ ನಿಯಮ ಬರಬೇಕಾಯಿತು. ಯುರೋಪಿನಲ್ಲಿ 1989ರಲ್ಲಿ ಬಂತು. ಅಮೆರಿಕದ ನಿಯಮಗಳನ್ನು 2004ರಲ್ಲಿ ತೆಗೆದುಹಾಕಿದರು. ಆ ಹೊತ್ತಿಗೆ ಜಿಡಿಎಸ್‌ಗಳು ವಿಮಾನ ಕಂಪನಿಗಳ ಕೈಯಿಂದ ಬಹುಮಟ್ಟಿಗೆ ಹೊರಗೆ ಹೋಗಿದ್ದವು, ಇಂಟರ್ನೆಟ್ ಬಂದಿತ್ತು, ಇನ್ನು ನಿಯಮ ಯಾಕೆ ಅಂದರು. ನಿಯಂತ್ರಕರೇ, ಈ ಕಥೆಯನ್ನು ದಯವಿಟ್ಟು ಮರೆಯಬೇಡಿ. ಮೊಬೈಲ್ ಪರದೆ ಇನ್ನೂ ಚಿಕ್ಕದು. ಮೇಲಿನ ಮೂರು ಸಾಲಿನ ಕೆಳಗೆ ಯಾರೂ ಹೋಗುವುದಿಲ್ಲ. ಆ ಮೂರು ಸಾಲನ್ನು ಯಾರು, ಯಾವ ಲೆಕ್ಕದ ಮೇಲೆ ಜೋಡಿಸುತ್ತಾರೆ ಅಂತ ಕೇಳುವವರು ಇರಬೇಕು.

ನಮ್ಮ ಕಮಿಷನ್ ಹೋದ ವಿಷಯವನ್ನು ಉದ್ದ ಮಾಡುವುದಿಲ್ಲ. ಅಮೆರಿಕದ ದೊಡ್ಡ ಕಂಪನಿಗಳು 1995ರಲ್ಲಿ ಅದಕ್ಕೆ ಮಿತಿ ಹಾಕಿದವು, 2002ರಲ್ಲಿ ಪೂರ್ತಿ ನಿಲ್ಲಿಸಿದವು. ಬೇರೆ ಕಡೆಯವರೂ ಹಿಂದೆಯೇ ಬಂದರು. 1996ರಲ್ಲಿ ಎಕ್ಸ್‌ಪೀಡಿಯ, ಟ್ರಾವೆಲಾಸಿಟಿ ಶುರುವಾಗಿದ್ದವು. ಜನ ತಾವೇ ಬುಕ್ ಮಾಡೋಕೆ ಕಲಿತರು. ಅದು ಒಳ್ಳೆಯದೇ ಆಯಿತು. 2008ರ ಜೂನ್ 1ರಿಂದ ಐಯಾಟಾ ಕಾಗದದ ಟಿಕೆಟ್ ನಿಲ್ಲಿಸಿತು. ಟಿಕೆಟ್ ಕಳೆದುಹೋಯಿತು ಅಂತ ಅಳುತ್ತಾ ಬರುವವರನ್ನು ನಾನು ಆಮೇಲೆ ನೋಡಲಿಲ್ಲ. 13 ಅಂಕಿಯ ಒಂದು ನಂಬರ್, ಅದರಲ್ಲಿ ಮೊದಲ ಮೂರು ಅಂಕಿ ವಿಮಾನ ಕಂಪನಿಯದು. ಯಾರೂ ಕದಿಯೋಕಾಗದ, ಹರಿಯೋಕಾಗದ ಟಿಕೆಟ್. ಅವತ್ತು ನಾನು ಮನಸಾರೆ ಸಂತೋಷಪಟ್ಟಿದ್ದೆ.

ಈಗ ಹೊಸ ದಾರಿಯ ವಿಷಯ. 2012ರಲ್ಲಿ ಐಯಾಟಾದ ನೀವು ಎನ್‌ಡಿಸಿ ಶುರು ಮಾಡಿದಿರಿ. ವಿಮಾನ ಕಂಪನಿಯ ಕಂಪ್ಯೂಟರಿನಿಂದಲೇ ದರ, ಸೀಟುಗಳನ್ನು ಮಾರುವವರಿಗೆ ತಲುಪಿಸುವ ಹೊಸ ಮಾನದಂಡ ಅದು. ಯಾಕೆ ಮಾಡಿದಿರಿ ಅಂತ ನನಗೆ ಅರ್ಥವಾಗುತ್ತದೆ. ಹಳೆಯ ವ್ಯವಸ್ಥೆಯಲ್ಲಿ ದರಗಳನ್ನು ಮೊದಲೇ ಲೆಕ್ಕ ಹಾಕಿ, ಎಲ್ಲರ ದರ ಸಂಗ್ರಹಿಸುವ ಎಟಿಪಿಸಿಒದಂಥ ಸಂಸ್ಥೆಗೆ ಸೇರಿಸಬೇಕು. ಸೀಟುಗಳನ್ನು ಇಂಗ್ಲಿಷಿನ 26 ಅಕ್ಷರಗಳೊಳಗೆ ಹಂಚಬೇಕು. ಒಂದು ಅಕ್ಷರದ ದರಕ್ಕೂ ಇನ್ನೊಂದರ ದರಕ್ಕೂ ನಡುವೆ ದೊಡ್ಡ ಮೆಟ್ಟಿಲು, ಮಧ್ಯದಲ್ಲಿ ಏನೂ ಇಲ್ಲ. ಕಾಲು ಚಾಚೋಕೆ ಜಾಗ ಜಾಸ್ತಿ ಇರುವ ಸೀಟು, ಹೆಚ್ಚಿನ ಬ್ಯಾಗು, ವೈಫೈ, ಇವನ್ನೆಲ್ಲ ಆ ಹಸಿರು ಅಕ್ಷರಗಳಲ್ಲಿ ಸರಿಯಾಗಿ ತೋರಿಸೋಕೆ ಆಗುತ್ತಿರಲಿಲ್ಲ. ಮೇಲಾಗಿ ಪ್ರತಿ ಬುಕಿಂಗಿಗೂ ಜಿಡಿಎಸ್‌ಗೆ ಶುಲ್ಕ ಕಟ್ಟಬೇಕಿತ್ತು. ನಿಮ್ಮ ಅಂಗಡಿಯ ಸಾಮಾನನ್ನು ನಿಮಗೆ ಬೇಕಾದ ಹಾಗೆ ತೋರಿಸೋಕೆ ನಿಮಗೇ ಅವಕಾಶ ಇರಲಿಲ್ಲ. ಆ ಸಿಟ್ಟು ನ್ಯಾಯವಾದದ್ದು.

ಆದರೆ ನೀವು ಜನರನ್ನು ಹೊಸ ದಾರಿಗೆ ಕರೆದ ರೀತಿ ಸರಿ ಇರಲಿಲ್ಲ. 2015ರ ಸೆಪ್ಟೆಂಬರ್‌ನಿಂದ ಲುಫ್ತಾನ್ಸಾ ಗುಂಪು ಜಿಡಿಎಸ್‌ನಲ್ಲಿ ಮಾಡಿದ ಪ್ರತಿ ಟಿಕೆಟಿಗೆ 16 ಯೂರೊ ಹೆಚ್ಚು ಹಾಕಿತು. ಬೇರೆಯವರೂ ಆ ದಾರಿ ಹಿಡಿದರು. 2023ರ ಏಪ್ರಿಲ್‌ನಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ದರಗಳಲ್ಲಿ ದೊಡ್ಡ ಪಾಲನ್ನು ಹಳೆಯ ದಾರಿಯಿಂದ ತೆಗೆದುಬಿಟ್ಟಿತು. ಕಂಪನಿಗಳ ಕೆಲಸಕ್ಕೆ ಓಡಾಡುವ ಪ್ರಯಾಣಿಕರು ಬೇರೆ ವಿಮಾನ ಹಿಡಿದರು. 2024ರಲ್ಲಿ ಆ ಕಂಪನಿ ತನ್ನ ಮಾರಾಟದ ನೀತಿ ಕೈಕೊಟ್ಟಿತು ಅಂತ ಒಪ್ಪಿಕೊಂಡು, ದರಗಳನ್ನು ಹಳೆಯ ದಾರಿಗೆ ವಾಪಸ್ ಹಾಕಿತು. ತಪ್ಪನ್ನು ಒಪ್ಪಿಕೊಂಡದ್ದಕ್ಕೆ ಅವರನ್ನು ಮೆಚ್ಚುತ್ತೇನೆ. ಉಳಿದವರು ಅದರಿಂದ ಏನು ಕಲಿತಿರಿ ಅಂತ ಕೇಳಬೇಕಿದೆ. ದೊಡ್ಡ ಕಂಪನಿಗಳ ಪ್ರಯಾಣಿಕರು ಎದ್ದು ಹೋದರೆ ನಿಮಗೆ ಮೂರು ತಿಂಗಳಲ್ಲಿ ಲೆಕ್ಕದಲ್ಲಿ ಗೊತ್ತಾಗುತ್ತದೆ. ಮೊದಲ ಕೆಲಸಕ್ಕೆ ಹೊರಟ ಒಬ್ಬ ಹುಡುಗ ಎದ್ದು ಹೋದರೆ ಯಾರಿಗೂ ಗೊತ್ತಾಗುವುದಿಲ್ಲ.

ನಾನು ನೋಡಿದ ಹಾಗೆ, ಹೊಸ ಕೊಂಡಿಗಳನ್ನು ಕಟ್ಟುವಾಗ ಎಲ್ಲರೂ ಮಾರುವ ಭಾಗವನ್ನು ಮೊದಲು ಕಟ್ಟಿದರು. ಹುಡುಕು, ದರ ತೋರಿಸು, ಸೀಟು ಆರಿಸು, ದುಡ್ಡು ಕಟ್ಟಿಸಿಕೊ. ಅದೆಲ್ಲ ಬೆಣ್ಣೆಯ ಹಾಗೆ ಓಡುತ್ತದೆ. ಹೆಸರಿನ ಒಂದು ಅಕ್ಷರ ತಪ್ಪಾದರೆ, ನಾಲ್ವರ ಬುಕಿಂಗಿನಲ್ಲಿ ಒಬ್ಬರು ಹೊರಡದೆ ಉಳಿದರೆ, ವಿಮಾನದ ಸಮಯ ಬದಲಾದರೆ ಏನು ಮಾಡಬೇಕು ಅನ್ನುವ ಭಾಗ ಆಮೇಲೆ ಅಂತ ಬಿಟ್ಟರು. ಹಳೆಯ ಪರದೆಯಲ್ಲಿ ನಾಲ್ವರಿಂದ ಒಬ್ಬರನ್ನು ಬೇರೆ ಮಾಡೋಕೆ ನನಗೆ ಒಂದು ನಿಮಿಷ ಸಾಕು. ಒಂದು ಪೋರ್ಟಲಿನಲ್ಲಿ ಇದನ್ನೇ ಕೇಳಿದಾಗ, ಇಡೀ ಬುಕಿಂಗ್ ರದ್ದು ಮಾಡಿ ಹೊಸದಾಗಿ ಮಾಡಿ ಅಂದರು. ಅವತ್ತಿನ ದರದಲ್ಲಿ! ಪ್ರತಿ ಕಂಪನಿಯ ಕೊಂಡಿಯೂ ಬೇರೆ ಬೇರೆ ಥರ. ಒಂದರಲ್ಲಿ ಸೀಟು ಬದಲಿಸಬಹುದು, ಇನ್ನೊಂದರಲ್ಲಿ ಆಗುವುದಿಲ್ಲ. ಒಂದರಲ್ಲಿ ರಿಫಂಡ್ ಎಷ್ಟು ಅಂತ ತೋರಿಸುತ್ತದೆ, ಇನ್ನೊಂದರಲ್ಲಿ ಇಮೇಲ್ ಮಾಡಿ ಕಾಯಬೇಕು. ಎಲ್ಲರಿಗೂ ಒಂದೇ ಮಾನದಂಡ ಅಂತ ಹೇಳಿದ್ದು ನೀವೇ ಅಲ್ವಾ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಹಳೆಯ ಕಾಲದಲ್ಲೂ 'ನಿಮ್ಮ ಏಜೆಂಟ್ ಹತ್ತಿರ ಹೋಗಿ' ಅಂತ ಪ್ರಯಾಣಿಕರನ್ನು ಕಳಿಸುತ್ತಿದ್ದರು. ಆದರೆ ಬಂದರೆ ಏಜೆಂಟ್ ಕೈಯಲ್ಲಿ ಉಪಕರಣ ಇರುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೂ ಪರದೆ ತೆರೆದು, ಬದಲಿ ವಿಮಾನ ಹಾಕಿ, ಟಿಕೆಟ್ ರೀಇಶ್ಯೂ ಮಾಡಿ, 'ಹೋಗಿ ಮಲಗಿ, ಎಲ್ಲ ಸರಿ ಮಾಡಿದ್ದೇನೆ' ಅಂತ ಎಷ್ಟು ಸಲ ಹೇಳಿದ್ದೇನೆ. ಈಗಲೂ ಅದೇ ಫೋನ್ ಬರುತ್ತದೆ. ಕೈಯಲ್ಲಿ ಏನೂ ಇರುವುದಿಲ್ಲ. ಮಾರಿದ ಟಿಕೆಟನ್ನು ಸರಿ ಮಾಡಲಾಗದೆ ಕೂರುವ ಸಂಕಟ ಎಂಥದ್ದು ಅಂತ ನಿಮ್ಮಲ್ಲಿ ಒಬ್ಬರಾದರೂ ಒಂದು ವಾರ ಕೌಂಟರಿನಲ್ಲಿ ಕೂತು ನೋಡಬೇಕು.

ಈಗ ನೀವು ಇನ್ನೂ ದೊಡ್ಡ ಹೆಜ್ಜೆ ಇಡುತ್ತಿದ್ದೀರಿ. ಪಿಎನ್‌ಆರ್ ಬೇಡ, ಇ-ಟಿಕೆಟ್ ಬೇಡ, ಬ್ಯಾಗು ಸೀಟಿಗೆ ಬೇರೆ ರಸೀದಿ ಬೇಡ, ಎಲ್ಲ ಸೇರಿ ಒಂದೇ ಆರ್ಡರ್. ಬೇರೆ ವಸ್ತು ಕೊಂಡ ಹಾಗೆ ಪ್ರಯಾಣವನ್ನೂ ಕೊಳ್ಳಬಹುದು ಅನ್ನುವುದು ನಿಮ್ಮ ಆಸೆ. 2030ರ ಹೊತ್ತಿಗೆ ಅಲ್ಲಿಗೆ ಮುಟ್ಟಬೇಕು ಅಂತ ಗುರಿ ಇಟ್ಟುಕೊಂಡಿದ್ದೀರಿ. ವಿಚಾರ ನನಗೆ ಇಷ್ಟ. ಒಂದು ಪ್ರಯಾಣಕ್ಕೆ ಮೂರು ದಾಖಲೆ ಇಟ್ಟುಕೊಂಡು, ಮೂರೂ ಒಂದಕ್ಕೊಂದು ಹೊಂದದೆ ಬೋರ್ಡಿಂಗ್ ಗೇಟಿನಲ್ಲಿ ಜನ ನಿಂತದ್ದನ್ನು ನೋಡಿದ್ದೇನೆ. ಒಂದೇ ಆರ್ಡರ್ ಆದರೆ ಆ ತೊಂದರೆ ತಪ್ಪುತ್ತದೆ. ಆದರೆ ಆ ಆರ್ಡರ್ ಇರುವುದು ವಿಮಾನ ಕಂಪನಿಯ ಕಂಪ್ಯೂಟರಿನಲ್ಲಿ. ಅದನ್ನು ತೆರೆಯೋಕೆ, ಓದೋಕೆ, ತಿದ್ದೋಕೆ ಯಾರಿಗೆ ಅಧಿಕಾರ ಅನ್ನುವುದನ್ನೂ ನೀವೇ ತೀರ್ಮಾನ ಮಾಡುತ್ತೀರಿ. ಅಲ್ಲೇ ನನ್ನ ಹುಡುಗನ ಪ್ರಶ್ನೆ ಮತ್ತೆ ಬರುತ್ತದೆ.

ಎರಡು ಕಂಪನಿಗಳ ವಿಮಾನ ಸೇರಿದ ಪ್ರಯಾಣದಲ್ಲಿ ಈ ಪ್ರಶ್ನೆ ಇನ್ನೂ ಕಷ್ಟದ್ದು. ಒಂದು ಕಂಪನಿಯ ಟಿಕೆಟಿನಲ್ಲಿ ಇನ್ನೊಂದು ಕಂಪನಿಯ ವಿಮಾನ ಹತ್ತುವುದು ಇವತ್ತು ಮಾಮೂಲಿ ಅನ್ನಿಸುತ್ತದೆ. ಅದು ಸುಲಭವಾಗಿ ಬಂದದ್ದಲ್ಲ. ಕಂಪನಿಗಳ ನಡುವಿನ ಲೆಕ್ಕ ತೀರಿಸೋಕೆ ಐಯಾಟಾ 1947ರಲ್ಲೇ ಕ್ಲಿಯರಿಂಗ್ ಹೌಸ್ ಕಟ್ಟಿತು. ಏಜೆಂಟರು ಎಲ್ಲ ಕಂಪನಿಗಳಿಗೂ ಒಂದೇ ಕಡೆ ದುಡ್ಡು ಕಟ್ಟುವ ಬಿಎಸ್‌ಪಿ ವ್ಯವಸ್ಥೆ 1971ರಲ್ಲಿ ಜಪಾನಿನಲ್ಲಿ ಶುರುವಾಯಿತು. ಒಬ್ಬರನ್ನೊಬ್ಬರು ನಂಬಿ, ಒಬ್ಬರ ಪ್ರಯಾಣಿಕನನ್ನು ಇನ್ನೊಬ್ಬರು ತಮ್ಮವನೇ ಅಂತ ಹತ್ತಿಸಿಕೊಳ್ಳುವುದು ನಿಮ್ಮ ಹಿರಿಯರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅಂತ ನಾನು ನಂಬುತ್ತೇನೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ, ಒಂದೇ ಟಿಕೆಟ್ ಇದ್ದವರಿಗೆ ಬದಲಿ ವಿಮಾನ ಕೊಡಲೇಬೇಕು. ಈಗ ಕೆಲವು ಆ್ಯಪ್‌ಗಳು ಎರಡು ಬೇರೆ ಬೇರೆ ಟಿಕೆಟನ್ನು ಪಕ್ಕಪಕ್ಕ ಇಟ್ಟು ಒಂದೇ ಪ್ರಯಾಣದಂತೆ ತೋರಿಸುತ್ತವೆ. ದರ ಕಡಿಮೆ, ನಿಜ. ಮಧ್ಯದಲ್ಲಿ ಬ್ಯಾಗು ನೀವೇ ತೆಗೆದು ಮತ್ತೆ ಕೊಡಬೇಕು, ಮೊದಲನೆಯದು ತಡವಾದರೆ ಎರಡನೆಯವರಿಗೆ ಸಂಬಂಧವೇ ಇಲ್ಲ ಅನ್ನುವುದು ಎಲ್ಲೋ ಕೆಳಗೆ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ದರದ ಪಕ್ಕದಲ್ಲೇ, ದರದಷ್ಟೇ ದೊಡ್ಡ ಅಕ್ಷರದಲ್ಲಿ ಬರೆಸೋಕೆ ನಿಯಂತ್ರಕರಿಗೆ ಎಷ್ಟು ಹೊತ್ತು ಬೇಕು?

ದರದ ವಿಷಯ ಬಂದದ್ದರಿಂದ ಅದನ್ನೂ ಹೇಳುತ್ತೇನೆ. 2008ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮೊದಲ ಬ್ಯಾಗಿಗೆ 15 ಡಾಲರ್ ತೆಗೆದುಕೊಳ್ಳೋಕೆ ಶುರು ಮಾಡಿದ ಮೇಲೆ, ಟಿಕೆಟ್ ದರ ಅಂದರೆ ಏನು ಅನ್ನುವುದೇ ಬದಲಾಯಿತು. ಯುರೋಪಿನ 2008ರ ನಿಯಮ ತೆರಿಗೆ ಮತ್ತು ತಪ್ಪಿಸಲಾಗದ ಶುಲ್ಕವೆಲ್ಲ ಸೇರಿಸಿಯೇ ದರ ತೋರಿಸಬೇಕು ಅನ್ನುತ್ತದೆ. ಅದು ಒಳ್ಳೆಯದು. ಆದರೆ ಬ್ಯಾಗು, ಸೀಟು, ತಾರೀಖು ಬದಲಿಸುವ ಅನುಕೂಲ ಇವು ಆಯ್ಕೆ ಅಂತ ಹೊರಗೆ ಉಳಿಯುತ್ತವೆ. ಒಂದು ಆ್ಯಪಿನಲ್ಲಿ ಬ್ಯಾಗು ಸೇರಿದ ದರ, ಇನ್ನೊಂದರಲ್ಲಿ ಸೇರದ ದರ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರು ಮೋಸ ಹೋಗುತ್ತಾರೆ. ಹೊಸ ತಂತ್ರಜ್ಞಾನಕ್ಕೆ ಇದನ್ನು ಸರಿ ಮಾಡುವ ಶಕ್ತಿ ಇದೆ. 'ಒಬ್ಬರು, ಒಂದು 23 ಕಿಲೊ ಬ್ಯಾಗು, ತಾರೀಖು ಬದಲಿಸಬೇಕಾಗಬಹುದು' ಅಂತ ಕೇಳಿದರೆ ಎಲ್ಲ ಕಂಪನಿಗಳ ಪೂರ್ತಿ ದರವನ್ನು ಒಂದೇ ಸಾಲಿನಲ್ಲಿ ತೋರಿಸಬಹುದು. ಎನ್‌ಡಿಸಿ ಹುಟ್ಟಿದ್ದೇ ಇಂಥದ್ದಕ್ಕೆ ಅಂತ ನೀವು ಹೇಳುತ್ತಿದ್ದಿರಿ. ಹಾಗಾದರೆ ಎಲ್ಲರೂ ಒಂದೇ ಕ್ರಮದಲ್ಲಿ ವಿವರ ಕೊಡಿ.

ಇನ್ನೊಂದು ಭಯ ಈಗ ಜನರ ಮನಸ್ಸಿನಲ್ಲಿದೆ. 'ನಾನು ಎರಡು ಸಲ ಹುಡುಕಿದ್ದಕ್ಕೆ ದರ ಜಾಸ್ತಿಯಾಯಿತಾ?' ಅಂತ ದಿನವೂ ಯಾರಾದರೂ ಕೇಳುತ್ತಾರೆ. ಸಾಮಾನ್ಯವಾಗಿ ಅದು ಹಾಗಲ್ಲ, ಕಡಿಮೆ ದರದ ಸೀಟು ಮುಗಿದಿರುತ್ತದೆ ಅಂತ ವಿವರಿಸುತ್ತೇನೆ. 2025ರಲ್ಲಿ ಡೆಲ್ಟಾ ಕಂಪನಿ ತನ್ನ ದೇಶದೊಳಗಿನ ದರಗಳಲ್ಲಿ 20 ಶೇಕಡದಷ್ಟನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಇಡುವ ಯೋಚನೆ ಇದೆ ಅಂದಾಗ ದೊಡ್ಡ ಚರ್ಚೆಯಾಯಿತು. ಅಮೆರಿಕದ ಸೆನೆಟರುಗಳು ಪತ್ರ ಬರೆದರು. ವ್ಯಕ್ತಿಯ ಖಾಸಗಿ ಮಾಹಿತಿ ನೋಡಿ ಒಬ್ಬೊಬ್ಬರಿಗೆ ಒಂದೊಂದು ದರ ಇಡುವುದಿಲ್ಲ ಅಂತ ಕಂಪನಿ ಸ್ಪಷ್ಟ ಮಾಡಿತು. ಆ ಮಾತನ್ನು ಎಲ್ಲ ಕಂಪನಿಗಳೂ ಬರೆದು ಕೊಡಲಿ ಅಂತ ಕೇಳುತ್ತೇನೆ. ಹಳೆಯ ವ್ಯವಸ್ಥೆಯಲ್ಲಿ ಫೇರ್ ರೂಲ್, ಅಂದರೆ ಆ ದರದ ನಿಯಮಗಳ ಪುಟ, ತೆರೆದು ಈ ದರ ಯಾಕೆ ಬಂತು ಅಂತ ಬೆರಳಿಟ್ಟು ತೋರಿಸಬಹುದಿತ್ತು. ಹೊಸದರಲ್ಲಿ ಪ್ರತಿ ಗಳಿಗೆಗೂ ಹೊಸ ದರ ಹುಟ್ಟಿ ಮಾಯವಾಗುತ್ತದೆ. ತಕರಾರು ಬಂದರೆ ತೋರಿಸೋಕೆ ಆ ಲೆಕ್ಕದ ಗುರುತಾದರೂ ಉಳಿಯಬೇಕು. ನಿಯಂತ್ರಕರು ಕೇಳಿದ ದಿನ ತೆಗೆದು ಕೊಡುವ ಹಾಗಿರಬೇಕು.

ಆದರೂ ನನ್ನ ಮುಖ್ಯ ಕೋರಿಕೆ ಒಂದೇ. ವಿಮಾನದ ಸಮಯ ಬದಲಿಸಿದ್ದು, ವಿಮಾನ ರದ್ದು ಮಾಡಿದ್ದು ನೀವಾದರೆ, ಅದನ್ನು ಸರಿ ಮಾಡುವ ಹೊಣೆಯೂ ನಿಮ್ಮದೇ ಆಗಲಿ. ಟಿಕೆಟನ್ನು ಆ್ಯಪ್ ಮಾರಿರಲಿ, ಪೋರ್ಟಲ್ ಮಾರಿರಲಿ, ನಾನು ಮಾರಿರಲಿ, ನಾಳೆ ಪ್ರಯಾಣಿಕರ ಪರವಾಗಿ ಒಂದು ಕೃತಕ ಬುದ್ಧಿಮತ್ತೆಯ ಸಹಾಯಕ ಕೊಂಡಿರಲಿ. ವಿಮಾನ ನಿಮ್ಮದು, ಬದಲಾವಣೆ ನಿಮ್ಮದು. ಪ್ರಯಾಣಿಕರು ನಿಮ್ಮ ಕೌಂಟರಿಗೆ ಬಂದರೆ, ನಿಮಗೆ ಫೋನ್ ಮಾಡಿದರೆ, 'ಕೊಂಡ ಕಡೆ ಹೋಗಿ' ಅನ್ನುವ ಉತ್ತರವನ್ನು ಇಂಥ ಸಂದರ್ಭದಲ್ಲಿ ಬಾಯಿಗೆ ತರಬಾರದು. ಪ್ರಯಾಣಿಕರು ತಾವೇ ಮನಸ್ಸು ಬದಲಿಸಿ ತಾರೀಖು ಬದಲಿಸಬೇಕು ಅಂದರೆ, ಆಗ ಮಾರಿದವರ ಹತ್ತಿರ ಕಳಿಸಿ, ಬೇಡ ಅನ್ನುವುದಿಲ್ಲ.

ಮಾರುವ ನಮ್ಮ ಕೈಗೂ ಉಪಕರಣ ಕೊಡಿ. ಕೊಂಡಿ ತೆರೆಯುವ ಮೊದಲೇ ಬದಲಾವಣೆ, ರದ್ದು, ರಿಫಂಡ್, ಬುಕಿಂಗ್ ಬೇರೆ ಮಾಡುವುದು ಇವೆಲ್ಲ ಕೆಲಸ ಮಾಡುತ್ತವೆಯೇ ಅಂತ ಐಯಾಟಾ ಪರೀಕ್ಷೆ ಮಾಡಲಿ. ಮಾರಾಟ ಮಾತ್ರ ಬರುವ ಕೊಂಡಿಗೆ ಪ್ರಮಾಣಪತ್ರ ಬೇಡ. ಬದಲಾವಣೆಯ ಸುದ್ದಿ ಯಾವ ದಾರಿಯಿಂದ ಮಾಡಿದ ಟಿಕೆಟ್ ಆದರೂ ಒಂದೇ ಕ್ಯೂಗೆ ಬರಲಿ. ಪ್ರಯಾಣಿಕರ ಫೋನಿಗೂ ನೇರವಾಗಿ ಹೋಗಲಿ. ಮಧ್ಯವರ್ತಿಗಳು ಅವರ ನಂಬರ್ ಮುಚ್ಚಿಡುವುದನ್ನು ನಿಲ್ಲಿಸಲಿ. ಅವರು ಮುಚ್ಚಿಡುವುದು ನೀವು ಆ ನಂಬರಿಗೆ ನೇರ ಮಾರಾಟದ ಜಾಹೀರಾತು ಕಳಿಸುತ್ತೀರಿ ಅನ್ನುವ ಭಯದಿಂದ. ನಮ್ಮ ಕೌಂಟರುಗಳಲ್ಲೂ ಹಾಗೆ ಮಾಡಿದವರಿದ್ದಾರೆ. ಆ ನಂಬರನ್ನು ಪ್ರಯಾಣದ ಸುದ್ದಿಗೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ ಅಂತ ನೀವು ಮಾತು ಕೊಟ್ಟರೆ ಈ ಜಗಳ ಅರ್ಧ ಮುಗಿಯುತ್ತದೆ.

ದುಡ್ಡು ವಾಪಸ್ ಕೊಡುವುದಕ್ಕೆ ಒಂದು ಒಳ್ಳೆಯ ದಾರಿ ಈಗಾಗಲೇ ಇದೆ. 2020ರಲ್ಲಿ ವಿಮಾನಗಳು ನಿಂತಾಗ, ಕಂಪನಿ ಮತ್ತು ಏಜೆಂಟರ ಮಧ್ಯೆ ಜನರ ದುಡ್ಡು ಸಿಕ್ಕಿಹಾಕಿಕೊಂಡದ್ದನ್ನು ಮರೆಯೋಕೆ ಆಗುವುದಿಲ್ಲ. ಅವತ್ತು ನನ್ನ ಮೇಲೆ ಸಿಟ್ಟಾದವರ ಮುಖಗಳು ಇನ್ನೂ ನೆನಪಿವೆ. ದುಡ್ಡು ನನ್ನ ಹತ್ತಿರ ಇರಲಿಲ್ಲ, ಆದರೆ ಅವರು ಕೊಟ್ಟದ್ದು ನನ್ನ ಕೈಗೇ ಅಲ್ವಾ. 2024ರಲ್ಲಿ ಅಮೆರಿಕದ ಸಾರಿಗೆ ಇಲಾಖೆ ಒಂದು ನಿಯಮ ತಂದಿತು. ವಿಮಾನ ರದ್ದಾಗಿ ಪ್ರಯಾಣಿಕರು ಬದಲಿ ಬೇಡ ಅಂದರೆ, ಕ್ರೆಡಿಟ್ ಕಾರ್ಡಿನಿಂದ ಕಟ್ಟಿದ ದುಡ್ಡು 7 ಕೆಲಸದ ದಿನಗಳೊಳಗೆ ವಾಪಸ್ ಬರಬೇಕು. ಕಾರ್ಡಿನ ಲೆಕ್ಕದಲ್ಲಿ ಯಾರ ಹೆಸರು ಇದೆಯೋ ಅವರೇ ಕೊಡಬೇಕು. ಎಷ್ಟು ಸರಳ ನೋಡಿ. ಯಾರ ಹೆಸರು ಇದೆಯೋ ಅವರೇ. ಬೇರೆ ದೇಶಗಳ ನಿಯಂತ್ರಕರೂ ಹೀಗೆ ಒಂದೇ ಸಾಲಿನಲ್ಲಿ ಹೊಣೆಯನ್ನು ಬರೆದಿಡಬಹುದು.

ನಾನು ಇನ್ನೂ ಕೆಲವು ವರ್ಷ ಈ ಕೆಲಸ ಮಾಡುತ್ತೇನೆ. ಹೊಸ ಪರದೆಗಳನ್ನು ಕಲಿಯುತ್ತೇನೆ, ಕಲಿಸುತ್ತೇನೆ. ನಿಮ್ಮ ಹೊಸ ಆರ್ಡರ್ ವ್ಯವಸ್ಥೆಯ ಸಭೆಗಳಲ್ಲಿ ಸಾಫ್ಟ್‌ವೇರ್ ಬರೆಯುವವರು, ದರ ಲೆಕ್ಕ ಹಾಕುವವರು, ಮಾರಾಟದವರು ಎಲ್ಲ ಇರುತ್ತಾರೆ ಅಂತ ಕೇಳಿದ್ದೇನೆ. ಅಲ್ಲಿ ಒಂದು ಕುರ್ಚಿಯನ್ನು ಕೌಂಟರಿನಲ್ಲಿ ಕೂರುವವರಿಗೆ ಕೊಡಿ. ಹೊಸ ಮಾನದಂಡದ ಪ್ರತಿ ಪುಟ ಒಪ್ಪುವ ಮೊದಲು ಅವರು ಕೇಳಲಿ: ಶುಕ್ರವಾರ ರಾತ್ರಿ ಸಮಯ ಬದಲಾಯಿತು, ಸೋಮವಾರ ಬೆಳಗ್ಗೆ ಕೆಲಸಕ್ಕೆ ಹಾಜರಾಗಬೇಕಾದವನು ನಿಮ್ಮ ಕೌಂಟರಿನ ಮುಂದೆ ನಿಂತಿದ್ದಾನೆ, ಅವನ ಟಿಕೆಟ್ ಈಗ ಯಾರ ಹತ್ತಿರ ಇದೆ? ಉತ್ತರ ಸಿಕ್ಕ ಮೇಲೆ ಪುಟ ತಿರುಗಿಸಿ.

ಇಂತಿ,
ಟಿಕೆಟ್ ಕೌಂಟರಿನಿಂದ ಒಬ್ಬಳು